ಟ್ರಾಕ್ಟರಾ, ಪಿಕಪ್ಪಾ? ಕಲಬುರಗಿ ಕಡೆಯ ಭಾರಕ್ಕೆ ಯಾವ ಗಾಡಿ

ಹೊಸ ಪಿಕಪ್ ಮನೆಗೆ ಬಂದ ಮೂರನೇ ದಿನವೇ ಅದಕ್ಕೆ ಅನ್ಯಾಯ ಮಾಡಿದೆ. ಶಹಾಬಾದ್‌ನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ತುಂಬಿಸುತ್ತಿದ್ದೆ. ಎರಡಡಿ ಚೌಕ, ಒಂದಿಂಚು ದಪ್ಪ. ಹಮಾಲರು ಕಲ್ಲುಗಳನ್ನು ಎರಡು ಸಾಲಾಗಿ ನಿಲ್ಲಿಸಿ ಒರಗಿಸುತ್ತಿದ್ದರು. ಬಾಡಿ ಹತ್ತು ಅಡಿ ಉದ್ದ. ಕಲ್ಲು ಐದಡಿ ಜಾಗವನ್ನೂ ಹಿಡಿದಿರಲಿಲ್ಲ.

"ಇನ್ನ ಜಗಾ ಭಾಳ ಅದರಿ ಅಣ್ಣಾ, ಹಾಕಮೇನು?" ಅಂದ ಒಬ್ಬ.

"ಹಾಕಪ್ಪಾ" ಅಂದೆ. ಹೊಸ ಗಾಡಿ, ಹೊಸ ಹುರುಪು.

110 ಕಲ್ಲು ಹಾಕಿದರು. ಇಳಿಸೋಕೆ ಸಲೀಸು ಅಂತ ಎಲ್ಲವನ್ನೂ ಹಿಂದಿನ ಬಾಗಿಲ ಹತ್ತಿರವೇ ನಿಲ್ಲಿಸಿದ್ದರು. ರಸ್ತೆಗೆ ಬಂದಮೇಲೆ ಸ್ಟೇರಿಂಗ್ ಯಾಕೋ ಹಗುರ ಅನ್ನಿಸಿತು. ತಿರುಗಿಸಿದರೆ ಮುಂದಿನ ಗಾಲಿ ಸ್ವಲ್ಪ ಯೋಚನೆ ಮಾಡಿ ತಿರುಗಿದ ಹಾಗೆ. ಕತ್ತಲಾಗಿ ಲೈಟ್ ಹಾಕಿದೆ. ಬೆಳಕು ರಸ್ತೆಗೆ ಬೀಳೋದು ಬಿಟ್ಟು ಬೇವಿನ ಮರದ ಕೊಂಬೆಗೆ ಬೀಳುತ್ತಿತ್ತು. ಎದುರಿಗೆ ಬಂದವರೆಲ್ಲ ಡಿಪ್ಪರ್ ಹೊಡೆದು ಬೈದು ಹೋದರು. ದಾರಿಯಲ್ಲಿ ಗಾಡಿ ತೂಗುವ ಕಾಟಾ ಸಿಕ್ಕಿತು, ಅದರ ಮೇಲೆ ಹತ್ತಿಸಿದೆ. ಖಾಲಿ ಗಾಡಿಯ ತೂಕ ಕಳೆದರೆ 2,710 ಕೆಜಿ. ನನ್ನ ಗಾಡಿಯ ಪೇಲೋಡ್, ಅಂದರೆ ಅದು ಹೊರಬಹುದಾದ ಭಾರ, 2,000.

30 ಕಲ್ಲು ಅಲ್ಲೇ ಇಳಿಸಿದೆ. ಉಳಿದ 80ನ್ನು ಕ್ಯಾಬಿನ್ ಕಡೆಗೆ ಸರಿಸಿದೆ. ಗಾಡಿ ಬೇರೆಯದೇ ಆಯಿತು.

ಇದನ್ನು ಮೊದಲು ಹೇಳಿದ್ದಕ್ಕೆ ಕಾರಣ ಇದೆ. ಗಾಡಿ ಕೊಳ್ಳುವಾಗ ನಾವೆಲ್ಲ ಕೇಳೋದು ಒಂದೇ, "ಎಷ್ಟು ಟನ್ ಹೊರತ್ತದ?" ನಮ್ಮ ಸಾಮಾನು ಎಷ್ಟು ತೂಗುತ್ತದೆ ಅಂತ ನಮಗೇ ಗೊತ್ತಿರೋದಿಲ್ಲ. ಒಂದು ಚದರಡಿ ಫರಸಿ, ಒಂದಿಂಚು ದಪ್ಪದ್ದು, ಸುಮಾರು ಆರು ಕೆಜಿ. ಅಂದರೆ ಎರಡು ಟನ್ ಗಾಡಿಗೆ 320 ಚದರಡಿ ಕಲ್ಲು ಆಯಿತು, ಬಾಡಿ ಮುಕ್ಕಾಲು ಖಾಲಿ ಕಂಡರೂ ಅಷ್ಟೇ. ತೊಗರಿಯ ಲೆಕ್ಕ ಸುಲಭ. 50 ಕೆಜಿಯ 40 ಚೀಲ. ತೊಗರಿ ಹೊಟ್ಟಿನದು ಪೂರಾ ಉಲ್ಟಾ. ಬಾಡಿ ತುಂಬಿ, ಹಗ್ಗ ಕಟ್ಟಿ, ಆಕಾಶಕ್ಕೆ ಮುಟ್ಟಿಸಿದರೂ ಗಾಡಿಗೆ ಭಾರವೇ ಇಲ್ಲ.

ನನ್ನ ಕೆಲಸ ಮೂರು ಥರದ್ದು. ಮದುವೆ, ಸಭೆಗಳಿಗೆ ಟ್ರಾಲಿ ಮೇಲಿನ ಜನರೇಟರ್ ಬಾಡಿಗೆ ಕೊಡುತ್ತೇನೆ. ಕಲ್ಲು, ಸೆಂಟ್ರಿಂಗ್ ಸಾಮಾನು ಸಾಗಿಸುತ್ತೇನೆ. ಊರಲ್ಲಿ ಹೊಲ ಇದೆ, ಅದರ ತೊಗರಿ ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಗೆ ಬರಬೇಕು. ಇಷ್ಟು ದಿನ ಎಲ್ಲಕ್ಕೂ ಒಂದೇ ಟ್ರಾಕ್ಟರ್. ಈಗ ಟ್ರಾಕ್ಟರ್ ಜೊತೆಗೆ ಪಿಕಪ್. ಮೂರು ತಿಂಗಳು, 6,000 ಕಿಲೋಮೀಟರ್ ಆಗಿದೆ. ಆಮೇಲೆ ಏನಾಗುತ್ತದೋ ಆಮೇಲೆ ನೋಡೋಣ.

ಟ್ರಾಕ್ಟರನ್ನು ಮೊದಲು ಬೈಯಬೇಡಿ

ಪಿಕಪ್ ಬಂದಮೇಲೆ ಟ್ರಾಕ್ಟರ್ ಮಾರಿಬಿಡ್ತೀನಿ ಅನ್ನುವವರನ್ನು ಕಂಡರೆ ನನಗೆ ನಗು ಬರುತ್ತದೆ. ಅವರು ಆಗಸ್ಟ್ ತಿಂಗಳಲ್ಲಿ ಎರಿ ಹೊಲಕ್ಕೆ ಪಿಕಪ್ ಇಳಿಸಿ ನೋಡಿಲ್ಲ. ನಮ್ಮ ಕರಿ ಮಣ್ಣು ಮಳೆಗೆ ಹಿಟ್ಟು ಕಲಸಿದ ಹಾಗೆ ಆಗುತ್ತದೆ. ಗಾಲಿಗೆ ಮೆತ್ತಿಕೊಂಡು, ಮಡ್‌ಗಾರ್ಡ್ ತುಂಬಿ, ಗಾಲಿ ತಿರುಗೋದೇ ನಿಲ್ಲುತ್ತದೆ. ಇದರ ಮೇಲೆ ಇನ್ನೊಂದಿದೆ. ಈ ಪಿಕಪ್‌ಗಳಲ್ಲಿ ಎಂಜಿನ್ ಮುಂದೆ, ಶಕ್ತಿ ಹೋಗೋದು ಹಿಂದಿನ ಗಾಲಿಗೆ. ಬಾಡಿ ಖಾಲಿ ಇದ್ದಾಗ ಹಿಂದಿನ ಗಾಲಿಯ ಮೇಲೆ ತೂಕವೇ ಇರೋದಿಲ್ಲ. ಹಸಿ ಹುಲ್ಲಿನ ಮೇಲೂ ಜಾರುತ್ತದೆ. ನನ್ನದನ್ನು ಬದುವಿನ ಹತ್ತಿರ ಒಮ್ಮೆ ಹೊರಗೆ ಎಳೆದದ್ದು ಮನೆಯ ಹಳೆ ಟ್ರಾಕ್ಟರೇ. ಅವತ್ತು ಅಪ್ಪ ಏನೂ ಅನ್ನಲಿಲ್ಲ. ಸರಪಳಿ ತಂದು ಕೈಗೆ ಕೊಟ್ಟ, ಅಷ್ಟೇ.

ಟ್ರಾಕ್ಟರ್ ಟ್ರಾಲಿಗೆ ನಾಲ್ಕು ಟನ್ ಹಾಕಿದರೂ ಸುಮ್ನೆ ಎಳೆಯುತ್ತದೆ. ಹೊಟ್ಟು, ತೊಗರಿ ಕಟ್ಟಿಗೆ, ಗೊಬ್ಬರದಂಥ ದೊಡ್ಡ ಗಾತ್ರದ ಸಾಮಾನಿಗೆ ಅದರ ಟ್ರಾಲಿಯಷ್ಟು ಅನುಕೂಲ ಯಾವುದೂ ಇಲ್ಲ. ತೆರಿಗೆಯೂ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ ಶೇಕಡ 5ಕ್ಕೆ ಬಂತು. ಸರಕು ಗಾಡಿಗಳದು 28ರಿಂದ 18ಕ್ಕೆ ಇಳಿಯಿತು.

ಟ್ರಾಕ್ಟರ್ ಸೋಲೋದು ದೂರಕ್ಕೆ. ಹುಮನಾಬಾದ್‌ಗೆ ಗಂಟೆಗೆ 25 ಕಿಲೋಮೀಟರ್‌ನಲ್ಲಿ ಹೋಗಿ ಬಂದರೆ ಒಂದು ದಿನವೇ ಹೋಯಿತು, ಸೊಂಟವೂ ಹೋಯಿತು. ಕತ್ತಲಲ್ಲಿ ಹಿಂದೆ ಲೈಟಿಲ್ಲದ ಟ್ರಾಲಿಗೆ ಬೈಕಿನವರು ಬಂದು ಗುದ್ದೋದನ್ನು ನಮ್ಮ ಕಡೆ ಎಲ್ಲರೂ ನೋಡಿದ್ದೇವೆ. ಕೃಷಿಗೆ ಅಂತ ನೋಂದಣಿ ಮಾಡಿಸಿದ ಟ್ರಾಕ್ಟರ್‌ನಲ್ಲಿ ಬಾಡಿಗೆ ಕಲ್ಲು ಹೊಡೆದು, ಏನಾದರೂ ಆದರೆ ವಿಮೆಯವರು ಕೈ ಎತ್ತುತ್ತಾರೆ. ಹೊಲದಿಂದ ಮನೆ, ಮನೆಯಿಂದ ಹತ್ತಿರದ ಗಂಜ್, ಇಷ್ಟೇ ನಿಮ್ಮ ಓಡಾಟ ಆಗಿದ್ದರೆ ಪಿಕಪ್ ಬೇಡ. ಆ ದುಡ್ಡಲ್ಲಿ ಒಳ್ಳೆ ಟ್ರಾಲಿ ಮಾಡಿಸಿ, ಲೈಟ್ ಹಾಕಿಸಿ, ಕೆಂಪು ರಿಫ್ಲೆಕ್ಟರ್ ಅಂಟಿಸಿ.

ಎರಡು ಟನ್‌ನ ಪಿಕಪ್‌ಗಳು

ನಾನು ಗಂಭೀರವಾಗಿ ನೋಡಿದ್ದು ಮೂರು. ಮಹೀಂದ್ರ ಬೊಲೆರೊ ಮ್ಯಾಕ್ಸ್ ಪಿಕಪ್ ಎಚ್‌ಡಿ 2.0 (ಎಚ್‌ಡಿ ಅಂದರೆ ಹೆವಿ ಡ್ಯೂಟಿ), ಟಾಟಾ ಯೋಧ 2.0, ಅಶೋಕ್ ಲೇಲ್ಯಾಂಡ್ ಬಡಾ ದೋಸ್ತ್.

ಯೋಧ 2.0 ಬಂದಿದ್ದು 2022ರಲ್ಲಿ. 2.2 ಲೀಟರ್ ಡೀಸೆಲ್ ಎಂಜಿನ್, 100 ಎಚ್‌ಪಿ, 250 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಗಾಲಿ ತಿರುಗಿಸುವ ಬಲ. ಬೊಲೆರೊ ಮ್ಯಾಕ್ಸ್‌ನ ಎಚ್‌ಡಿ ಮಾದರಿ 2023ರದು. 2.5 ಲೀಟರ್ ಎಂಜಿನ್, 80 ಎಚ್‌ಪಿ, 220 ನ್ಯೂಟನ್ ಮೀಟರ್. ಎರಡರದೂ ಪೇಲೋಡ್ 2,000 ಕೆಜಿ. ಬಡಾ ದೋಸ್ತ್ 2020ರಲ್ಲಿ ಬಂತು. 1.5 ಲೀಟರ್, 80 ಎಚ್‌ಪಿ, 190 ನ್ಯೂಟನ್ ಮೀಟರ್. ಅದರ ಐ4 ಮಾದರಿ 1,800 ಕೆಜಿಗಿಂತ ಸ್ವಲ್ಪ ಜಾಸ್ತಿ ಹೊರುತ್ತದೆ.

ಕಾಗದದ ಮೇಲೆ ನೋಡಿದರೆ ಯೋಧನೇ ಗೆದ್ದ. ಬರೀ ಎಂಜಿನ್ ನೋಡಿ ಕೊಳ್ಳುವುದಾದರೆ ನಾನೂ ಅದನ್ನೇ ತಗೊಳ್ಳುತ್ತಿದ್ದೆ. ಕಮಲಾಪುರ ದಾಟಿ ಹುಮನಾಬಾದ್ ಕಡೆ ಏರು ಹತ್ತುವಾಗ ಆ ಜಾಸ್ತಿ ಟಾರ್ಕ್ ಬೆಲೆ ಗೊತ್ತಾಗುತ್ತದೆ. ವಾರಕ್ಕೆ ನಾಲ್ಕು ಸಲ ಬೀದರ್, ಹೈದರಾಬಾದ್ ಕಡೆ ತುಂಬಿದ ಗಾಡಿ ಓಡಿಸುವವರಿಗೆ ನನ್ನ ಮತ ಯೋಧಕ್ಕೇ.

ನಾನು ತಗೊಂಡಿದ್ದು ಬೊಲೆರೊ ಮ್ಯಾಕ್ಸ್. ಕಾರಣ ಕೇಳಿದರೆ ನಗಬೇಡಿ. ನಮ್ಮ ಓಣಿಯ ಮಿಸ್ತ್ರಿ ಹಳೆ ಬೊಲೆರೊ ಪಿಕಪ್‌ಗಳನ್ನು ಹದಿನೈದು ವರ್ಷದಿಂದ ಬಿಚ್ಚಿ ಕೂಡಿಸುತ್ತಿದ್ದಾನೆ. ಕಣ್ಣು ಮುಚ್ಚಿ ಕೊಟ್ಟರೂ ಬೋಲ್ಟ್ ಎಲ್ಲಿದೆ ಅಂತ ಹೇಳುತ್ತಾನೆ. ಮದುವೆ ಸೀಸನ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಗಾಡಿ ನಿಂತರೆ ನನಗೆ ಬೇಕಾಗಿರೋದು ಎಚ್‌ಪಿ ಅಲ್ಲ, ಆ ಮಿಸ್ತ್ರಿ. ನಿಮ್ಮ ಮಿಸ್ತ್ರಿ ಟಾಟಾ ಕೈ ಇದ್ದವನಾದರೆ ನಿಮ್ಮ ಉತ್ತರ ಬೇರೆ ಆಗಬಹುದು. ಎರಡನೇ ಕಾರಣ ಬಾಡಿಯ ಉದ್ದ, 3,050 ಮಿಲಿಮೀಟರ್, ಅಂದರೆ ಹತ್ತಡಿ. ಸೆಂಟ್ರಿಂಗ್ ಬಲ್ಲಿ ಹೊರಗೆ ಚಾಚೋದು ಕಡಿಮೆ.

ಬಡಾ ದೋಸ್ತ್‌ನ ಕ್ಯಾಬಿನ್ ಮುಂದಕ್ಕಿದೆ, ಉದ್ದ ಮೂತಿ ಇಲ್ಲ. ಗಂಜ್ ಒಳಗೆ, ಸೂಪರ್ ಮಾರ್ಕೆಟ್ ಓಣಿಗಳಲ್ಲಿ ತಿರುಗಿಸೋಕೆ ಅದು ಹಿತ. ದಾಲ್ ಮಿಲ್‌ನಿಂದ ಅಂಗಡಿ, ಅಂಗಡಿಯಿಂದ ರೈಲ್ವೆ ಸ್ಟೇಷನ್, ಇಂಥ ಊರೊಳಗಿನ ಕೆಲಸಕ್ಕೆ ಅದನ್ನು ನೋಡಿ. ಹಿಂದೆ ಟ್ರಾಲಿ ಕಟ್ಟುವ ಕೆಲಸ ಇದ್ದರೆ ಮೂತಿ ಇರುವ ಗಾಡಿಯೇ ನನಗೆ ಇಷ್ಟ. ಇದು ರೂಢಿಯ ಮಾತು, ಬೇರೆಯವರು ಒಪ್ಪದೇ ಇರಬಹುದು.

ಒಂದು ಟನ್‌ನ ಸಣ್ಣ ಗಾಡಿಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ತರಕಾರಿ, ಹಾಲು, ನೀರಿನ ಕ್ಯಾನ್‌ಗೆ ಅವು ಚೆನ್ನ. ಕಲ್ಲಿಗೆ ಅಲ್ಲ.

ಹಿಂದೆ ಕಟ್ಟಿ ಎಳೆಯುವ ಮಾತು

ನನ್ನ ಜನರೇಟರ್ 25 ಕೆವಿಎದು. ಟ್ರಾಲಿ ಸೇರಿ ಕಾಟಾದ ಮೇಲೆ 1,340 ಕೆಜಿ. ಇದನ್ನು ಎಳೆಯೋಕೆ 80 ಎಚ್‌ಪಿ ಧಾರಾಳ ಸಾಕು. ಎರಡನೇ ಗೇರ್‌ನಲ್ಲಿ ಎತ್ತಿಕೊಂಡು ಹೋಗುತ್ತದೆ, ಹಿಂದೆ ಏನೋ ಇದೆ ಅಂತ ಮರೆತೇ ಹೋಗುತ್ತದೆ. ಅಪಾಯ ಇರೋದೇ ಅಲ್ಲಿ. ಮೊದಲ ಸಲ ಜೇವರ್ಗಿ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂತು. ಬ್ರೇಕ್ ಒತ್ತಿದೆ. ಗಾಡಿ ನಿಲ್ಲುವ ಮನಸ್ಸು ಮಾಡಿತು, ಟ್ರಾಲಿ ಮಾಡಲಿಲ್ಲ. ಬೆನ್ನಿಗೆ ಯಾರೋ ಎರಡೂ ಕೈಯಿಂದ ತಳ್ಳಿದ ಹಾಗಾಯಿತು. ಎಮ್ಮೆ ಮಾತ್ರ ತಿರುಗಿಯೂ ನೋಡಲಿಲ್ಲ.

ಯುರೋಪ್, ಆಸ್ಟ್ರೇಲಿಯಾಗಳಲ್ಲಿ ಒಂದು ನಿಯಮ ಇದೆ. 750 ಕೆಜಿ ದಾಟಿದ ಟ್ರೈಲರ್‌ಗೆ ತನ್ನದೇ ಬ್ರೇಕ್ ಇರಲೇಬೇಕು. ನಮ್ಮ ಟ್ರಾಲಿಗಳಿಗೆ ಹಾಕಿಕೊಳ್ಳಲು ಒಳ್ಳೆ ಗೆರೆ ಅದು. ನಾನು ಓವರ್‌ರನ್ ಬ್ರೇಕ್ ಹಾಕಿಸಿದೆ. ಅದರ ಕೆಲಸ ಸರಳ. ಮುಂದಿನ ಗಾಡಿ ನಿಧಾನ ಆದಾಗ ಟ್ರಾಲಿ ಮುಂದಕ್ಕೆ ನೂಕುತ್ತದೆ. ಆ ನೂಕಿಗೆ ಕೊಂಡಿಯ ಹಿಂದಿನ ರಾಡ್ ಒಳಕ್ಕೆ ಸರಿಯುತ್ತದೆ. ಅದು ಕೇಬಲ್ ಎಳೆದು ಟ್ರಾಲಿಯ ಬ್ರೇಕ್ ಹಿಡಿಸುತ್ತದೆ. ಕರೆಂಟ್ ಬೇಡ, ಗಾಳಿ ಬೇಡ. ಹಿಂದಕ್ಕೆ ತಗೊಳ್ಳುವಾಗಲೂ ಹಿಡಿದುಬಿಡುತ್ತದೆ ಅನ್ನೋದು ಒಂದೇ ಕಿರಿಕಿರಿ. ಅದಕ್ಕೊಂದು ಲಾಕ್ ಇದೆ, ಇಳಿದು ಹಾಕಬೇಕು.

ತೂಕ ಎಲ್ಲಿ ಕೂರುತ್ತದೆ ಅನ್ನೋದು ಎರಡನೆಯದು. ಎರಡು ಗಾಲಿಯ ಟ್ರಾಲಿ ತಕ್ಕಡಿ ಇದ್ದ ಹಾಗೆ. ಭಾರ ಅಚ್ಚಿನ ಹಿಂದೆ ಹೋದರೆ ಮೂತಿ ಮೇಲೆದ್ದು ಪಿಕಪ್‌ನ ಹಿಂಭಾಗವನ್ನೇ ಎತ್ತುತ್ತದೆ. ಸ್ವಲ್ಪ ಓಟ ಜಾಸ್ತಿ ಆದರೆ ಟ್ರಾಲಿ ಬಾಲ ಆಡಿಸತೊಡಗುತ್ತದೆ. ಟ್ರಾಲಿಯ ಒಟ್ಟು ತೂಕದಲ್ಲಿ ಹತ್ತನೇ ಒಂದು ಪಾಲು ಕೊಂಡಿಯ ಮೇಲೆ ಇರುವಂತೆ ಇಟ್ಟುಕೊಂಡರೆ ಸರಿ. ನನ್ನದಕ್ಕೆ 134 ಕೆಜಿ. ಅಳೆಯೋದು ಕಷ್ಟ ಅಲ್ಲ. ಚೀಲ ತೂಗುವ ಪ್ಲಾಟ್‌ಫಾರ್ಮ್ ಕಾಟಾವನ್ನು ಕೊಂಡಿಯ ಕೆಳಗೆ ಇಟ್ಟು, ಎಳೆಯುವಾಗ ಇರುವ ಎತ್ತರಕ್ಕೇ ಕಟ್ಟಿಗೆ ತುಂಡು ಕೊಟ್ಟು ನಿಲ್ಲಿಸಿದರೆ ಆಯಿತು. ನನ್ನದು ಮೊದಲು 60 ತೋರಿಸಿತು. ಜನರೇಟರನ್ನು ಟ್ರಾಲಿಯ ಮೇಲೆ ಒಂದು ಗೇಣು ಮುಂದೆ ಸರಿಸಿ ಬೋಲ್ಟ್ ಹಾಕಿಸಿದೆ. ಅಂದಿನಿಂದ ಬಾಲ ಆಡಿಸಿಲ್ಲ.

ಕೊಂಡಿಯ ಮೇಲಿನ ಈ ಭಾರವೂ ಪೇಲೋಡ್ ಲೆಕ್ಕಕ್ಕೇ ಸೇರುತ್ತದೆ. ಬಾಡಿಯಲ್ಲಿ ಎರಡು ಟನ್, ಹಿಂದೆ ಟ್ರಾಲಿ ಅಂತ ಯಾರಾದರೂ ಹೇಳಿದರೆ ಕೈ ಮುಗಿದು ಬನ್ನಿ. ಜನರೇಟರ್ ಕಟ್ಟಿದಾಗ ನಾನು ಬಾಡಿಯಲ್ಲಿ 700 ಕೆಜಿ ದಾಟಿಸುವುದಿಲ್ಲ. 50ರ ಮೇಲೆ ಓಡಿಸುವುದಿಲ್ಲ. ಇಳಿಜಾರಿನಲ್ಲಿ ಹತ್ತಿದ ಗೇರ್‌ನಲ್ಲೇ ಇಳಿಯುತ್ತೇನೆ. ಒಂದುವೇಳೆ ಟ್ರಾಲಿ ಬಾಲ ಆಡಿಸಿದರೆ ಬ್ರೇಕ್ ಕಡೆ ಕಾಲು ಹೋಗಬಾರದು. ಎಕ್ಸಲೇಟರ್ ಬಿಟ್ಟು, ಸ್ಟೇರಿಂಗ್ ನೇರ ಹಿಡಿದು, ತಾನೇ ತಣ್ಣಗಾಗುವವರೆಗೆ ಕಾಯಬೇಕು.

ಕೊಂಡಿ ಹಾಕಿಸುವಾಗ ನಾನು ಮೋಸ ಹೋದೆ. ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಹಿಂದಿನ ಬಂಪರ್ ಪಟ್ಟಿಗೇ ಹುಕ್ ಬೆಸೆದು ಕೊಟ್ಟರು. ಎರಡನೇ ವಾರ ಬೆಸುಗೆಯ ಅಂಚಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಬಣ್ಣ ಸಿಡಿದ ಜಾಗ ನೋಡಿ ಅನುಮಾನ ಬಂದು ಉಗುರಲ್ಲಿ ಕೆರೆದೆ, ತುಕ್ಕಿನ ಗೆರೆ. ಹಾಗೇ ಬಿಟ್ಟಿದ್ದರೆ ಟ್ರಾಲಿ ಎಲ್ಲೋ ಮಧ್ಯರಾತ್ರಿ ತನ್ನ ದಾರಿ ತಾನು ಹಿಡಿಯುತ್ತಿತ್ತು. ಈಗ ಹುಕ್ಕಿನ ಪ್ಲೇಟ್ ಚಾಸಿಯ ಎರಡೂ ಉದ್ದ ತೊಲೆಗಳಿಗೆ ಬೋಲ್ಟ್ ಆಗಿದೆ. ಕೆಳಗೆ ಎರಡು ಸರಪಳಿ, ಅಡ್ಡಡ್ಡ ಕತ್ತರಿ ಹಾಕಿದ್ದು. ಕೊಂಡಿ ಕಳಚಿದರೂ ಟ್ರಾಲಿಯ ಮೂತಿ ನೆಲಕ್ಕೆ ಬೀಳದೆ ಸರಪಳಿಯ ಮೇಲೆ ಕೂರುತ್ತದೆ. ಚಾಸಿಗೆ ತೂತು ಹೊಡೆಯುವ ಮುಂಚೆ ಮಾತ್ರ ಡೀಲರನ್ನು ಕೇಳಿ, ವಾರಂಟಿಯ ಪ್ರಶ್ನೆ ಬರುತ್ತದೆ. ಎಷ್ಟು ತೂಕ ಎಳೆಯಬಹುದು ಅನ್ನೋದನ್ನೂ ಬರಹದಲ್ಲಿ ಕೇಳಿ. ನನ್ನ ಕೈಗೆ ಸಿಕ್ಕ ಬ್ರೋಷರ್‌ಗಳಲ್ಲಿ ಪೇಲೋಡ್ ದೊಡ್ಡ ಅಕ್ಷರದಲ್ಲಿತ್ತು, ಎಳೆಯುವ ತೂಕ ಎಲ್ಲೂ ಕಾಣಲಿಲ್ಲ.

ಹಿಂದಕ್ಕೆ ತಗೊಳ್ಳೋದು ಬೇರೆಯೇ ವಿದ್ಯೆ. ಮೊದಲ ಮದುವೆ ಆರ್ಡರ್, ಕಲ್ಯಾಣ ಮಂಟಪದ ಪಕ್ಕದ ಸಂದಿ, ಎರಡೂ ಕಡೆ ಬೈಕು. ಮಾಮಾ ಹಿಂದೆ ನಿಂತು "ಬರ್ರಿ, ಬರ್ರಿ, ಬರ್ರಿ... ಏ ನಿಂದರ್ರಿ!" ಅನ್ನುತ್ತಿದ್ದ. ನಾನು ಎಡಕ್ಕೆ ತಿರುಗಿಸಿದರೆ ಟ್ರಾಲಿ ಬಲಕ್ಕೆ. ಬಲಕ್ಕೆ ತಿರುಗಿಸಿದರೆ ಮಡಚಿಕೊಂಡು ಬಂಪರಿಗೆ ತಾಗಿತು. ಕೊನೆಗೆ ಪಿನ್ ಕಳಚಿ ನಾಲ್ಕು ಜನ ಕೈಯಿಂದ ನೂಕಿದರು. ಮಾರನೇ ದಿನ ಒಬ್ಬ ಹಳೆ ಲಾರಿ ಡ್ರೈವರ್ ಕಾಕಾ ಗುಟ್ಟು ಹೇಳಿಕೊಟ್ಟ. "ಕೈ ಸ್ಟೇರಿಂಗ್ ಕೆಳಗ ಇಡು. ಟ್ರಾಲಿ ಯಾ ಕಡಿ ಹೋಗಬೇಕು, ಆ ಕಡಿ ಕೈ ಸರಿಸು. ಸಾವಕಾಶ." ಅಷ್ಟೇ. ಖಾಲಿ ಮೈದಾನದಲ್ಲಿ ಎರಡು ಬೆಳಗ್ಗೆ ತಾಲೀಮು ಮಾಡಿದೆ. ಗಿಡ್ಡ ಟ್ರಾಲಿ ಬೇಗ ಮಡಚುತ್ತದೆ, ಉದ್ದದ್ದು ನಿಧಾನ. ಟ್ರಾಲಿ ಮಾಡಿಸುವಾಗ ಕೊಂಡಿಯ ದಂಡ ಒಂದಡಿ ಜಾಸ್ತಿಯೇ ಉದ್ದ ಇರಲಿ.

ದೊಡ್ಡ ಪಿಕಪ್‌ಗಳ ಆಸೆ

ಟೊಯೊಟಾ ಹೈಲಕ್ಸ್, ಇಸುಜು ವಿ-ಕ್ರಾಸ್ ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಹೈಲಕ್ಸ್‌ಗೆ 2.8 ಲೀಟರ್ ಎಂಜಿನ್, 204 ಎಚ್‌ಪಿ. ವಿ-ಕ್ರಾಸ್ 1.9 ಲೀಟರ್, 163 ಎಚ್‌ಪಿ. ನಾಲ್ಕು ಗಾಲಿಗೂ ಶಕ್ತಿ. ಆಸ್ಟ್ರೇಲಿಯಾದಲ್ಲಿ ಇದೇ ಹೈಲಕ್ಸ್ ಬ್ರೇಕ್ ಇರುವ 3,500 ಕೆಜಿ ಟ್ರೈಲರ್ ಎಳೆಯುತ್ತದೆ. ಅಮೆರಿಕದ ಫೋರ್ಡ್ ಎಫ್-250, ರ‍್ಯಾಮ್ 2500 ಥರದವು ಅದಕ್ಕೂ ದೊಡ್ಡವು, ನಮ್ಮಲ್ಲಿ ಮಾರೋದಿಲ್ಲ. ಅಲ್ಲಿ ಹೆವಿ ಡ್ಯೂಟಿ ಅಂದರೆ ಕುದುರೆ ಟ್ರೈಲರ್, ಮನೆಯಂಥ ಟ್ರೈಲರ್ ಎಳೆಯುವ ಗಾಡಿ. ಇಲ್ಲಿ ಹೆವಿ ಡ್ಯೂಟಿ ಅಂದರೆ ಬೆನ್ನ ಮೇಲೆ ಹೊರುವ ಗಾಡಿ. ಹೆಸರು ಒಂದೇ, ಕಸುಬು ಬೇರೆ. ಅಲ್ಲಿನ ವಿಡಿಯೋ ನೋಡಿ ಇಲ್ಲಿ ಗಾಡಿ ಆರಿಸಬೇಡಿ.

ಮನೆ ಮಂದಿಯನ್ನು ಗಾಣಗಾಪುರಕ್ಕೂ ಕರೆದುಕೊಂಡು ಹೋಗಬೇಕು, ಮಳೆಗಾಲದಲ್ಲಿ ತೋಟಕ್ಕೂ ಹೋಗಬೇಕು, ದುಡ್ಡೂ ಇದೆ ಅಂದರೆ ಇವು ಸರಿ. ಬಾಡಿಗೆ ದುಡಿದು ಕಂತು ಕಟ್ಟುವವರಿಗೆ ಲೆಕ್ಕ ಕೂಡುವುದಿಲ್ಲ.

ಕಾಗದ, ಬಿಸಿಲು, ಡೀಸೆಲ್

ಗಾಡಿ, ಸಾಮಾನು ಸೇರಿ ಒಟ್ಟು ತೂಕ 3,000 ಕೆಜಿ ದಾಟಿದ ಸರಕು ಗಾಡಿಗೆ ಪರ್ಮಿಟ್ ಬೇಕು. ಎರಡು ಟನ್‌ನ ಪಿಕಪ್‌ಗಳೆಲ್ಲ ಈ ಲೆಕ್ಕಕ್ಕೆ ಬರುತ್ತವೆ. ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಲೈಸೆನ್ಸ್ ಬಗ್ಗೆ ಹೆದರಬೇಡಿ. 7,500 ಕೆಜಿವರೆಗಿನ ಸರಕು ಗಾಡಿಯನ್ನು ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸ್‌ನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್ 6ರಂದು ಹೇಳಿದೆ. ಓವರ್‌ಲೋಡ್‌ಗೆ ದಂಡ 20,000 ರೂಪಾಯಿ, ಮೇಲೆ ಪ್ರತಿ ಜಾಸ್ತಿ ಟನ್‌ಗೆ 2,000. ಅವತ್ತು ನನ್ನ 30 ಕಲ್ಲು ಎಷ್ಟು ದುಬಾರಿ ಆಗುತ್ತಿತ್ತು ನೋಡಿ. ಟ್ರಾಲಿಗೆ ಬೇರೆ ನೋಂದಣಿ, ಬೇರೆ ವಿಮೆ. ಇದನ್ನು ಡೀಲರ್ ತಾನಾಗಿ ಹೇಳುವುದಿಲ್ಲ, ನಾವೇ ಕೇಳಬೇಕು.

ಬಿಸಿಲಿನ ಬಗ್ಗೆ ಹೊರಗಿನವರಿಗೆ ಹೇಳಿದರೆ ನಂಬೋದಿಲ್ಲ. ಮೇ ತಿಂಗಳಲ್ಲಿ 42, 43 ಡಿಗ್ರಿ ಮಾಮೂಲು. ಎಸಿ ಇರುವ ಮಾದರಿ ತಗೊಳ್ಳಿ, ಅದು ಶೋಕಿ ಅಲ್ಲ. ನಾನು ಒಂದಿಷ್ಟು ಸಾವಿರ ಉಳಿಸೋಕೆ ಹೋಗಿ ಬಿಟ್ಟೆ, ಈಗ ಒದ್ದೆ ಟವೆಲ್ ಕಟ್ಟಿಕೊಂಡು ಓಡಿಸುತ್ತೇನೆ. ಬಿಸಿಲಲ್ಲಿ ಟ್ರಾಲಿಯ ಗಾಲಿಗಳ ಮೇಲೆ ಕಣ್ಣಿರಲಿ. ಪ್ರತಿ 30 ಕಿಲೋಮೀಟರ್‌ಗೆ ಇಳಿದು ಹಬ್ ಹತ್ತಿರ ಕೈ ಹಿಡಿಯುತ್ತೇನೆ. ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ಕೈ ಇಡೋಕಾಗದಷ್ಟು ಬಿಸಿ ಅಂದರೆ ಬೇರಿಂಗ್ ಗ್ರೀಸ್ ಕೇಳುತ್ತಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ.

ಡೀಸೆಲ್ ಲೆಕ್ಕ ನನ್ನ ಡೈರಿಯದು. ಖಾಲಿ ಇದ್ದರೆ ಲೀಟರಿಗೆ 14 ಕಿಲೋಮೀಟರ್, ಕಲ್ಲು ತುಂಬಿದರೆ 11, ಜನರೇಟರ್ ಕಟ್ಟಿದರೆ ಒಂಬತ್ತರ ಆಸುಪಾಸು. ಖಾಲಿ ಗಾಡಿ ಗುಂಡಿಯಲ್ಲಿ ಕುದುರೆ ಹಾಗೆ ಎಗರುತ್ತದೆ. ಹಿಂದಿನ ಕಮಾನ್ ಪಟ್ಟಿಗಳು ಎರಡು ಟನ್‌ಗೆ ಅಂತ ಮಾಡಿದವು, ಖಾಲಿಗೆ ಬಗ್ಗೋದೇ ಇಲ್ಲ. 300 ಕೆಜಿ ಹಾಕಿದರೆ ಸಮಾಧಾನ ಆಗುತ್ತದೆ. ಹೆಂಡತಿ ಒಂದೇ ಸಲ ಕೂತಿದ್ದು, ಆಳಂದ ರಸ್ತೆಯಲ್ಲಿ. ಈಗ ಬಸ್ಸೇ ವಾಸಿ ಅನ್ನುತ್ತಾಳೆ.

ಆಳಂದ ಕಡೆ ಇರುವ ನನ್ನ ಕಾಕಾನ ಮಗನೂ ಪಿಕಪ್ ಬುಕ್ ಮಾಡಲು ಹೊರಟಿದ್ದ. ಒಂದು ತಿಂಗಳು ನೋಟ್‌ಬುಕ್ಕಿನಲ್ಲಿ ಬರಿ ಅಂದೆ. ಏನು ಸಾಗಿಸಿದೆ, ಎಷ್ಟು ದೂರ, ಕಾಟಾದಲ್ಲಿ ಎಷ್ಟು ಬಂತು. ಬರೆದ. 26 ಟ್ರಿಪ್‌ನಲ್ಲಿ 23 ಎಂಟು ಕಿಲೋಮೀಟರ್ ಒಳಗೆ, ಅದರಲ್ಲೂ ಅರ್ಧ ಹೊಲದ ದಾರಿ. ಬುಕಿಂಗ್ ಬಿಟ್ಟು ಟ್ರಾಲಿಗೆ ಹೊಸ ಟೈರು, ಹಿಂದೆ ಲೈಟು ಹಾಕಿಸಿದ. ಉಳಿದ ಮೂರು ಟ್ರಿಪ್‌ಗೆ ನನ್ನ ಪಿಕಪ್ ಬಾಡಿಗೆ ತಗೋತಾನೆ. ಬಾಡಿಗೆ ಮಾತ್ರ ತೊಗರಿ ಮಾರಿದಮೇಲೆ ಅಂತೆ.